ಹೆಸರು ಎಲ್ಲಿ ಕವಲೊಡೆಯುತ್ತದೆ?

ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ ಕೂತು ಹನ್ನೊಂದು ವರ್ಷವಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ಮಧ್ಯಾಹ್ನ ಇವತ್ತಿಗೂ ಕಣ್ಣಮುಂದೆ ಇದೆ. ಊಟದ ಹೊತ್ತು, ಕಿಟಕಿಯ ಮುಂದೆ ಉದ್ದ ಸಾಲು. ಹೆಂಗಸೊಬ್ಬರು ಚೀಟಿ ಕೊಟ್ಟರು. ಮೊದಲ ನಾಲ್ಕು ಅಕ್ಷರ ಚೆನ್ನಾಗಿ ಕಾಣುತ್ತಿದ್ದವು: ಎಚ್, ವೈ, ಡಿ, ಆರ್. ಕೊನೆಯಲ್ಲಿ ಜೆಡ್, ಐ, ಎನ್, ಇ. ನಡುವೆ ಬರೀ ಒಂದು ಅಲೆಯಂಥ ಗೆರೆ. ಪಕ್ಕದಲ್ಲಿ 25 ಮಿಲಿಗ್ರಾಂ.

ಕಂಪ್ಯೂಟರಿನಲ್ಲಿ ಆ ಮೊದಲ ನಾಲ್ಕು ಅಕ್ಷರ ಒತ್ತಿದೆ. ಪಟ್ಟಿಯ ತಲೆಯಲ್ಲೇ ಹೈಡ್ರಲಜೀನ್ ಬಂತು. ಕೊನೆಯ ಅಕ್ಷರಗಳೂ ಹೊಂದಿದವು, 25 ಕೂಡ ಹೊಂದಿತು. ಸ್ಟ್ರಿಪ್ ಕೈಗೆ ತಗೊಂಡೆ. ಹಿಂದೆ ನಿಂತಿದ್ದ ಹಿರಿಯ ಫಾರ್ಮಸಿಸ್ಟ್ ಮೇಡಂ ಚೀಟಿ ಎತ್ತಿ ನೋಡಿದರು.

"ಇದು ಚರ್ಮದ ಓಪಿಡಿ ಚೀಟಿ ಅಲ್ವಾ? ಅವರು ಬಿಪಿ ಮಾತ್ರೆ ಯಾಕೆ ಬರೀತಾರೆ?" ಅಂದವರು ಕಿಟಕಿಯ ಕಡೆ ತಿರುಗಿ, "ನಿಮಗೆ ಏನಾಗಿದೆಮ್ಮ?" ಎಂದು ಕೇಳಿದರು.

"ಮೈಯೆಲ್ಲ ನವೆ ಮೇಡಂ. ರಾತ್ರಿ ನಿದ್ದೇನೇ ಇಲ್ಲ."

ಅವರಿಗೆ ಬೇಕಿದ್ದದ್ದು ಹೈಡ್ರಾಕ್ಸಿಜೀನ್, ನವೆಗೆ ಕೊಡುವ ಮಾತ್ರೆ. ನನ್ನ ಕೈಯಲ್ಲಿದ್ದದ್ದು ರಕ್ತದೊತ್ತಡ ಇಳಿಸುವ ಮಾತ್ರೆ. ಬಿಪಿ ಇಲ್ಲದವರು ಅದನ್ನು ನುಂಗಿ ತಲೆಸುತ್ತಿ ಬಿದ್ದಿದ್ದರೆ? ಮೇಡಂ ಡಾಕ್ಟರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೇ ಮಾತ್ರೆ ಕೊಟ್ಟರು. ನನಗೆ ಆಮೇಲೆ ಊಟ ಸೇರಲಿಲ್ಲ.

ಸಂಜೆ ಜನ ಕಡಿಮೆಯಾದ ಮೇಲೆ ಮೇಡಂ ನನ್ನನ್ನು ಕೂರಿಸಿ, ಹಳೇ ಬಿಲ್ಲಿನ ಹಿಂದೆ ಎರಡೂ ಹೆಸರನ್ನು ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಬರೆಸಿದರು. ಎಣಿಸಿದೆ. ಇದರಲ್ಲೂ 11 ಅಕ್ಷರ, ಅದರಲ್ಲೂ 11. ಮೊದಲ ನಾಲ್ಕು ಒಂದೇ, ಕೊನೆಯ ನಾಲ್ಕು ಒಂದೇ. ಬೇರೆಯಾಗುವುದು ನಡುವಿನ ಮೂರು ಮಾತ್ರ. ಒಂದರಲ್ಲಿ ಎ-ಎಲ್-ಎ, ಇನ್ನೊಂದರಲ್ಲಿ ಓ-ಎಕ್ಸ್-ವೈ. "ನಿನಗೆ ಚೆನ್ನಾಗಿ ಕಂಡ ಎಂಟು ಅಕ್ಷರ ಯಾವ ಕೆಲಸಕ್ಕೂ ಬರಲಿಲ್ಲ ನೋಡು. ಹೆಸರು ಎಲ್ಲಿ ಕವಲೊಡೆಯುತ್ತೋ ಅಲ್ಲಿ ಕಣ್ಣಿಡಬೇಕು" ಅಂದರು.

ಅಂದಿನಿಂದ ನಾನು ಔಷಧಿ ಹುಡುಕುವ ರೀತಿಯೇ ಬದಲಾಯಿತು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಅಕ್ಷರಗಳ ಮುಂದೆ ಶೇಕಡಾ ಗುರುತು ಹಾಕಿದರೆ, ಆ ಅಕ್ಷರಗಳು ಹೆಸರಿನೊಳಗೆ ಎಲ್ಲಿದ್ದರೂ ಹುಡುಕಿ ಕೊಡುತ್ತದೆ. ಆದರೆ ಯಾವ ಅಕ್ಷರ ಕೊಡುತ್ತೀರಿ ಅನ್ನುವುದೇ ಮುಖ್ಯ. ಜೆಡ್-ಐ-ಎನ್-ಇ ಕೊಟ್ಟರೆ ಸೆಟಿರಿಜೀನ್, ಸಿನ್ನರಿಜೀನ್, ಪ್ರೊಮೆಥಜೀನ್, ಸಲ್ಫಸಲಜೀನ್ ಎಂದು ಒಂದು ಸಂತೆಯೇ ಬರುತ್ತದೆ. ಎಕ್ಸ್-ವೈ-ಜೆಡ್ ಕೊಟ್ಟರೆ ನಮ್ಮ ಪಟ್ಟಿಯಲ್ಲಿ ಉಳಿಯುವುದು ಹೈಡ್ರಾಕ್ಸಿಜೀನ್ ಒಂದೇ. ಆ ಮೂರು ಅಕ್ಷರ ಅದೇ ಸಾಲಿನಲ್ಲಿ ಒಟ್ಟಿಗೆ ಬರುವ ಪದ ಇಂಗ್ಲಿಷಿನಲ್ಲೇ ಅಪರೂಪ. ಇಂಗ್ಲಿಷ್ ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಆಡಿದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಇ ಅಕ್ಷರಕ್ಕೆ 1 ಅಂಕ, ಎಕ್ಸ್‌ಗೆ 8, ಜೆಡ್‌ಗೆ 10. ಅಪರೂಪದ ಅಕ್ಷರಕ್ಕೆ ಬೆಲೆ ಜಾಸ್ತಿ. ಹುಡುಕುವಾಗಲೂ ಹಾಗೆಯೇ.

ಔಷಧಿ ಹೆಸರುಗಳು ಅಣ್ಣತಮ್ಮಂದಿರ ಹಾಗೆ ಕಾಣುವುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿಗೆ ಒಂದೇ ಜೆನೆರಿಕ್ ಹೆಸರು, ಅಂದರೆ ಕಂಪನಿಯ ಬ್ರಾಂಡ್ ಅಲ್ಲದ ಔಷಧಿಯ ಮೂಲ ಹೆಸರು, ಇರಲಿ ಎಂದು ಪಟ್ಟಿ ಮಾಡಲು ಶುರು ಮಾಡಿತು. ಮೊದಲ ಪಟ್ಟಿ ಬಂದದ್ದು 1953ರಲ್ಲಿ. ಒಂದೇ ಥರ ಕೆಲಸ ಮಾಡುವ ಔಷಧಿಗಳ ಹೆಸರಿಗೆ ಒಂದೇ ಬಾಲ ಇಡುವುದು ಅಲ್ಲಿನ ಪದ್ಧತಿ. ಕೊನೆಯಲ್ಲಿ ಕೊನಜೋಲ್ ಇದ್ದರೆ ಫಂಗಸ್ಸಿಗೆ. ಬೆಂಡಜೋಲ್ ಇದ್ದರೆ ಜಂತುಹುಳಕ್ಕೆ. ಪ್ರಜೋಲ್ ಇದ್ದರೆ ಹೊಟ್ಟೆಯ ಆಮ್ಲ ಕಡಿಮೆ ಮಾಡುವುದಕ್ಕೆ. ಇದು ತುಂಬಾ ಸಹಾಯ ಮಾಡುತ್ತದೆ, ಆದರೆ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ರಾಬೆಪ್ರಜೋಲ್ ಗ್ಯಾಸ್ಟ್ರಿಕ್ ಮಾತ್ರೆ. ಅರಿಪಿಪ್ರಜೋಲ್ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆ. ಅದರ ಬಾಲ ಪ್ರಜೋಲ್ ಅಲ್ಲ, ಪಿಪ್ರಜೋಲ್. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಬಾಲ ಸಿಕ್ಕಿತು ಅಂತ ನಿಲ್ಲಬೇಡಿ, ಅದರ ಹಿಂದಿನ ಎರಡು ಅಕ್ಷರವನ್ನೂ ಓದಿ.

ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಇನ್ನೊಂದು ಜೋಡಿ. ಇವು ಕ್ಯಾನ್ಸರ್ ಔಷಧಿಗಳು. ಎರಡೂ ಮೊದಲು ಸಿಕ್ಕಿದ್ದು ನಮ್ಮ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಆ ಗಿಡದ ಹಳೇ ಹೆಸರು ವಿಂಕಾ, ಅದಕ್ಕೇ ಎರಡೂ ವಿನ್ ಎಂದು ಶುರುವಾಗುತ್ತವೆ. ಇಲ್ಲೂ 11 ಅಕ್ಷರ, ಇಲ್ಲೂ ಬೇರೆಯಾಗುವುದು ನಡುವಿನ ಮೂರೇ: ಸಿ-ಆರ್-ಐ, ಬಿ-ಎಲ್-ಎ. ಎರಡರ ಡೋಸ್ ಬೇರೆ ಬೇರೆ, ಅದಲುಬದಲಾದರೆ ಜೀವಕ್ಕೇ ಕುತ್ತು. ಇಂಥ ಜೋಡಿಗಳಲ್ಲಿ ಬೇರೆಯಾಗುವ ಭಾಗವನ್ನು ಮಾತ್ರ ದೊಡ್ಡಕ್ಷರದಲ್ಲಿ ಬರೆಯುವ ಕ್ರಮವನ್ನು ಟಾಲ್ ಮ್ಯಾನ್ ಅನ್ನುತ್ತಾರೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಇದಕ್ಕಾಗಿಯೇ ಒಂದು ಯೋಜನೆ ಶುರು ಮಾಡಿತು. ನಮ್ಮಲ್ಲೂ 2016ರಲ್ಲಿ ಮೆಡಿಕಲ್ ಕೌನ್ಸಿಲ್ ನಿಯಮ ತಿದ್ದಿ, ಡಾಕ್ಟರುಗಳು ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲೇ ಬರೆಯಬೇಕು ಎಂದಿತು. ಹಾಗೆ ಬರೆದ ಚೀಟಿ ಬಂದಾಗ ನಿಜವಾಗಿಯೂ ಖುಷಿಯಾಗುತ್ತದೆ. ನಮ್ಮ ರ‍್ಯಾಕಿನ ಚೀಟಿಗಳನ್ನು ನಾನೇ ಸ್ಕೆಚ್ ಪೆನ್ನಿನಲ್ಲಿ ಟಾಲ್ ಮ್ಯಾನ್ ರೀತಿ ಬರೆದು ಅಂಟಿಸಿದ್ದೇನೆ. ಹೈಡ್ರಲಜೀನ್ ಮತ್ತು ಹೈಡ್ರಾಕ್ಸಿಜೀನ್ ಈಗ ಬೇರೆ ಬೇರೆ ರ‍್ಯಾಕಿನಲ್ಲಿವೆ.

ನಾನು ಓದಿದ್ದು ಕನ್ನಡ ಮೀಡಿಯಂ. ನಮಗೆ ಹೆಸರು ಕಿವಿಗೆ ಬೀಳುವುದೇ ಕಾಗುಣಿತವಾಗಿ: ಹೈ, ಡ್ರಾ, ಕ್ಸಿ. ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ ನೋಡುವ ಅಭ್ಯಾಸ ಬೇಗ ಬರುವುದಿಲ್ಲ. ಅದಕ್ಕೇ ವಾರ್ಡಿನಿಂದ ಸಿಸ್ಟರ್ ಫೋನ್ ಮಾಡಿದಾಗ ಹೆಸರನ್ನು ಪೂರ್ತಿ ವಾಪಸ್ ಹೇಳಿ, ಕವಲಿನ ಅಕ್ಷರಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ಅರ್ಧ ನಿಮಿಷದ ಕೆಲಸ.

ಎಲ್ಲ ಹೆಸರೂ ನಡುವೆಯೇ ಕವಲೊಡೆಯುವುದಿಲ್ಲ. ಕಳೆದ ತಿಂಗಳು ಮಗುವಿಗೆ ಬರೆದ ಮೂಗಿನ ಡ್ರಾಪ್ಸ್ ಚೀಟಿ ಬಂತು. ಮಡಿಸಿದ ಕಡೆ ಶಾಯಿ ಹರಡಿ, ಮೆಟಾಜೋಲಿನ್ ಎಂಬ ಹತ್ತು ಅಕ್ಷರ ಮಾತ್ರ ಉಳಿದಿತ್ತು, ಪಕ್ಕದಲ್ಲಿ 0.05%. ಅದರ ಮುಂದೆ ಎಕ್ಸ್-ವೈ-ಎಲ್-ಓ ಇದ್ದರೆ ಜೈಲೋಮೆಟಾಜೋಲಿನ್, 0.05% ಮಕ್ಕಳ ಡ್ರಾಪ್ಸ್. ಓ-ಎಕ್ಸ್-ವೈ ಇದ್ದರೆ ಆಕ್ಸಿಮೆಟಾಜೋಲಿನ್, ಅದರಲ್ಲಿ 0.05% ದೊಡ್ಡವರದ್ದು. ಮಗುವನ್ನು ಎತ್ತಿಕೊಂಡಿದ್ದ ತಂದೆ ಅವಸರದಲ್ಲಿದ್ದರು. "ಎರಡು ನಿಮಿಷ ಕೂತ್ಕೊಳ್ಳಿ ಅಣ್ಣ" ಎಂದು ಬೆಂಚು ತೋರಿಸಿ ಡಾಕ್ಟರಿಗೆ ಫೋನ್ ಮಾಡಿದೆ.

"ಮೆಟಾಕ್ಕಿಂತ ಮೊದಲು ಎಲ್ ಇದೆಯಾ ಸರ್, ಇಲ್ವಾ?" ಎಂದು ಕೇಳಿದೆ.

"ಇದೆ ಇದೆ. ಎಕ್ಸ್‌ನಿಂದಲೇ ಶುರು" ಅಂದರು. ಮಕ್ಕಳ ಬಾಟಲಿ ತೆಗೆದು, ಚೀಟಿಯ ಮೇಲೆ ಆ ನಾಲ್ಕು ಅಕ್ಷರವನ್ನು ದೊಡ್ಡದಾಗಿ ಬರೆದು ಕೊಟ್ಟೆ.