ನಕ್ಷತ್ರ ತೂಗದ ಮನೆಯ ಕ್ರಿಸ್ಮಸ್

ಸಾವಾದ ವರ್ಷ ಕ್ರಿಸ್ಮಸ್ ಆಚರಿಸದಿರುವ ರೂಢಿ ನಮ್ಮ ಅನೇಕ ಕ್ರೈಸ್ತ ಮನೆಗಳಲ್ಲಿ ಇಂದಿಗೂ ಉಳಿದಿದೆ. ಆ ವರ್ಷ ಬಾಗಿಲಿಗೆ ನಕ್ಷತ್ರ ತೂಗುವುದಿಲ್ಲ, ಕರ್ಜಿಕಾಯಿ ಕರಿಯುವುದಿಲ್ಲ, ಹೊಸ ಬಟ್ಟೆ ತರುವುದಿಲ್ಲ. ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ ತಂಡದವರು ಆ ಮನೆಯ ಹತ್ತಿರ ಬಂದಾಗ ಗಿಟಾರ್ ನಿಲ್ಲಿಸಿ, ದನಿ ತಗ್ಗಿಸಿ, ಮುಂದಿನ ಮನೆಗೆ ಹೋಗಿಬಿಡುತ್ತಾರೆ. ಇದರ ಹಿಂದಿರುವ ಮರ್ಯಾದೆಯನ್ನು ನಾನು ಗೌರವಿಸುತ್ತೇನೆ. ಆದರೆ ಇದೇ ಚರ್ಚ್ ಸಭೆಗಳಲ್ಲಿ, ಅಂತ್ಯಕ್ರಿಯೆಯ ದಿನ ಗಂಡನ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಅಳುತ್ತಿರುವ ಹೆಂಗಸಿಗೆ, "ಅಳಬಾರದಮ್ಮ, ಅವರು ಕರ್ತನ ಸನ್ನಿಧಿಗೆ ಹೋಗಿದ್ದಾರೆ, ಸ್ತೋತ್ರ ಹೇಳು" ಎಂದು ಬುದ್ಧಿ ಹೇಳುವವರೂ ಇದ್ದಾರೆ. ಅಳಬೇಕಾದ ದಿನ ಅಳುವನ್ನು ತಡೆದು, ಹಾಡಬಹುದಾದ ದಿನ ಹಾಡನ್ನು ತಡೆಯುತ್ತೇವೆ. ದುಃಖ ಮತ್ತು ಸಂತೋಷ ಒಂದೇ ಮನೆಯಲ್ಲಿ ಇರಲಾರವು, ಒಂದು ಹೊರಟುಹೋದ ಮೇಲೆಯೇ ಇನ್ನೊಂದು ಬರಬೇಕು ಎಂಬ ಎಣಿಕೆ ಈ ಎರಡು ರೂಢಿಗಳ ಬುಡದಲ್ಲಿಯೂ ಇದೆಯೆಂದು ನನಗೆ ತೋರುತ್ತದೆ.

ಕ್ರಿಸ್ಮಸ್ಸಿನ ಕಥೆಯನ್ನೇ ಬೈಬಲಿನ ಸುವಾರ್ತೆಗಾರ ಮತ್ತಾಯನು ಹೇಗೆ ಹೇಳುತ್ತಾನೆಂದು ನೋಡಿ. ಅವನ ಸುವಾರ್ತೆಯ ಎರಡನೆಯ ಅಧ್ಯಾಯದ 10ನೆಯ ವಚನದಲ್ಲಿ ಶಿಶು ಯೇಸುವನ್ನು ಹುಡುಕಿ ಬಂದ ಮೂಡಣದ ಜ್ಞಾನಿಗಳು ನಕ್ಷತ್ರವನ್ನು ಕಂಡು ಅತ್ಯಾನಂದಪಡುತ್ತಾರೆ; 18ನೆಯ ವಚನದಲ್ಲಿ ಇಸ್ರಾಯೇಲರ ಮೂಲತಾಯಿ ರಾಹೇಲಳು ತನ್ನ ಮಕ್ಕಳಿಗಾಗಿ ಗೋಳಾಡುತ್ತಿದ್ದಾಳೆ. ನಡುವೆ ಇರುವುದು ಕೆಲವೇ ವಚನಗಳು. ಅರಸ ಹೆರೋದನ ಆಜ್ಞೆಯಿಂದ ಬೆತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಂದ ಸಂಗತಿಯನ್ನು ನಮ್ಮ ಸಂಡೇ ಸ್ಕೂಲ್ ನಾಟಕಗಳು ಸಾಮಾನ್ಯವಾಗಿ ದಾಟಿಹೋಗುತ್ತವೆ, ಆದರೆ ಮತ್ತಾಯನು ದಾಟಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಅವನು ಇಲ್ಲಿ ಉದಾಹರಿಸುವುದು ಪ್ರವಾದಿ ಯೆರೆಮೀಯನ ಗ್ರಂಥದ 31ನೆಯ ಅಧ್ಯಾಯದ 15ನೆಯ ವಚನವನ್ನು. ಅದರ ಮರುವಚನದಲ್ಲಿಯೇ, ಅಳುವುದನ್ನು ನಿಲ್ಲಿಸು, ನಿನ್ನ ಮಕ್ಕಳು ಶತ್ರುದೇಶದಿಂದ ಹಿಂದಿರುಗುವರು ಎಂಬ ವಾಗ್ದಾನವಿದೆ. ಮತ್ತಾಯನು ಅದನ್ನು ಎತ್ತಿಕೊಳ್ಳುವುದಿಲ್ಲ. ಸಮಾಧಾನ ಹೊಂದಲೊಲ್ಲದ ತಾಯಿಯ ಬಳಿಯೇ ಅವನು ಉದ್ಧರಣೆಯನ್ನು ನಿಲ್ಲಿಸುತ್ತಾನೆ. ವಾಗ್ದಾನ ಅವನಿಗೆ ತಿಳಿದಿರಲಿಲ್ಲವೆಂದು ಯಾರು ಹೇಳಲು ಸಾಧ್ಯ? ಆ ತಾಯಂದಿರ ಬಾಯಿ ಮುಚ್ಚಿಸಲು ಅದನ್ನು ಬಳಸಬಾರದೆಂದು ಅವನಿಗೆ ಅನ್ನಿಸಿತೆಂದೇ ನಾನು ಓದಿಕೊಳ್ಳುತ್ತೇನೆ.

ಇನ್ನು "ಯಾವಾಗಲೂ ಸಂತೋಷಿಸಿರಿ" ಎಂಬ ಮಾತಿಗೆ ಬರೋಣ, ಏಕೆಂದರೆ ಅಳುವವರ ಮುಂದೆ ನಾವು ಹೆಚ್ಚಾಗಿ ಹೇಳುವುದು ಅದನ್ನೇ. ಅಪೊಸ್ತಲ ಪೌಲನು ಅದನ್ನು ಬರೆದದ್ದು ಫಿಲಿಪ್ಪಿ ಎಂಬ ಊರಿನ ಸಭೆಗೆ, ಬೇಡಿಯಲ್ಲಿದ್ದಾಗ. ಅದೇ ಊರಿನಲ್ಲಿ ಹಿಂದೆ ಅವನೂ ಜೊತೆಗಾರ ಸೀಲನೂ ಪೆಟ್ಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ನಡುರಾತ್ರಿಯಲ್ಲಿ ದೇವರನ್ನು ಸ್ತುತಿಸಿ ಹಾಡಿದ್ದರು. ನಾಲ್ಕೇ ಅಧ್ಯಾಯಗಳ ಈ ಪತ್ರವನ್ನು ಸಂತೋಷದ ಪತ್ರವೆಂದು ಕರೆಯುವುದು ವಾಡಿಕೆ. ಆದರೆ ಎರಡನೆಯ ಅಧ್ಯಾಯದಲ್ಲಿ ಬರುವ ಎಪಫ್ರೊದೀತನ ಭಾಗವನ್ನು ನಿಧಾನವಾಗಿ ಓದಿದರೆ ಆ ಸಂತೋಷ ಎಂಥದೆಂದು ತಿಳಿಯುತ್ತದೆ. ಸಭೆಯವರ ಕಾಣಿಕೆಯನ್ನು ಹೊತ್ತು ಬಂದ ಈ ಮನುಷ್ಯ ಕಾಯಿಲೆ ಬಿದ್ದು ಸಾಯುವ ಹಾಗಿದ್ದನು. ತಾನು ಅಸ್ವಸ್ಥನಾದ ಸುದ್ದಿ ಊರಿಗೆ ಮುಟ್ಟಿತೆಂದು ತಿಳಿದು ಅದಕ್ಕಾಗಿಯೇ ಅವನು ಕಳವಳಪಟ್ಟನು. ದೇವರು ಅವನನ್ನು ಕರುಣಿಸಿದನು. ತನಗೆ ದುಃಖದ ಮೇಲೆ ದುಃಖ ಬರಬಾರದೆಂದು ತನ್ನನ್ನೂ ಕರುಣಿಸಿದನು ಎನ್ನುತ್ತಾನೆ ಪೌಲ. ಎಪಫ್ರೊದೀತನು ಸತ್ತಿದ್ದರೆ ಅಪೊಸ್ತಲನು ಸ್ತೋತ್ರ ಹೇಳಿ ಎದ್ದುಹೋಗುತ್ತಿರಲಿಲ್ಲ, ದುಃಖಿಸುತ್ತಿದ್ದನು ಎಂಬುದು ಇಲ್ಲಿ ಸ್ಪಷ್ಟವಾಗಿದೆ. ಗುಣವಾದ ಎಪಫ್ರೊದೀತನನ್ನು ಹಿಂದಕ್ಕೆ ಕಳುಹಿಸುವಾಗಲೂ, ನೀವು ಅವನನ್ನು ನೋಡಿ ಸಂತೋಷಪಡುವಿರಿ, ನನಗೂ ದುಃಖ ಕಡಿಮೆಯಾಗುವುದು ಎನ್ನುತ್ತಾನೆಯೇ ಹೊರತು ದುಃಖ ತೀರಿಹೋಗುವುದು ಎನ್ನುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಅವನು ಕೆಲವರ ವಿಷಯವನ್ನು ಅಳುತ್ತಲೇ ಬರೆಯುತ್ತಾನೆ. ಯಾವಾಗಲೂ ಸಂತೋಷಿಸಿರಿ ಎಂಬ ಅಪ್ಪಣೆ ಬರುವುದು ಇದೆಲ್ಲದರ ನಂತರ. ಅಷ್ಟು ಹೊತ್ತಿಗೆ ಹಾಗೆ ಹೇಳುವ ಅಧಿಕಾರ ಅವನಿಗೆ ಬಂದಿದೆ.

ಥೆಸಲೋನಿಕದ ಸಭೆಯವರಿಗೆ ಪೌಲನು ಬರೆದ ಮಾತನ್ನೂ ನಾವು ಅರ್ಧಕ್ಕೆ ತುಂಡರಿಸುತ್ತೇವೆ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರಿ ಎಂದವನು ಹೇಳಿದ್ದು, ದುಃಖಿಸಲೇಬೇಡಿರಿ ಎಂದಲ್ಲ.

ನಮ್ಮ ತಾಯಿ ತೀರಿಕೊಂಡ ವರ್ಷ ನಾವೂ ನಕ್ಷತ್ರ ತೂಗಿರಲಿಲ್ಲ. ಆದರೂ ಕ್ಯಾರಲ್ ತಂಡದ ಹಿರಿಯರೊಬ್ಬರು ಹಿಂದಿನ ದಿನವೇ ಬಂದು ತಂದೆಯವರನ್ನು ಕೇಳಿ ಹೋಗಿದ್ದರು, ಮರುದಿನ ಗಿಟಾರ್, ಡ್ರಮ್ ಎಲ್ಲವನ್ನೂ ಗೇಟಿನ ಹೊರಗೆ ಬಿಟ್ಟು ಐದಾರು ಜನ ಮಾತ್ರ ಒಳಗೆ ಬಂದರು. ಮೊದಲ ಚರಣಕ್ಕೇ ತಂದೆಯವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಯಾರೂ ಅವರನ್ನು ಸುಮ್ಮನಿರಿಸಲಿಲ್ಲ, ಯಾರೂ ಹಾಡನ್ನು ನಿಲ್ಲಿಸಲೂ ಇಲ್ಲ. ಮುಗಿದ ಮೇಲೆ ತಂದೆಯವರೇ ಅಮ್ಮನಿಗೆ ಇಷ್ಟವಾಗಿದ್ದ ಇನ್ನೊಂದು ಹಾಡನ್ನು ಹೇಳಿಸಿದರು. ಅವಳು ಅದನ್ನು ಯಾವಾಗಲೂ ಎತ್ತರದ ಶ್ರುತಿಯಲ್ಲಿ ಎತ್ತಿಕೊಂಡು ಎರಡನೆಯ ಸಾಲಿಗೇ ಉಸಿರು ಕಟ್ಟಿ ನಿಲ್ಲುತ್ತಿದ್ದಳೆಂದು ನೆನೆದು, ಕಣ್ಣು ಒದ್ದೆಯಾಗಿರುವಾಗಲೇ ನಕ್ಕರು. ನನ್ನ ತಂಗಿ ಎಲ್ಲರಿಗೂ ಚಹಾ ಮಾಡಿದಳು. ಆ ಸಂಜೆ ನಮ್ಮ ದುಃಖ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ಆದರೂ ಕ್ರಿಸ್ತನು ಹುಟ್ಟಿದ ಸಂತೋಷ ನಮ್ಮ ಮನೆಯೊಳಗೆ ಬಂದಿತ್ತು.

ಎಲ್ಲ ಮನೆಗಳಿಗೂ ಇದು ಒಗ್ಗುತ್ತದೆಂದು ನಾನು ಹೇಳಲಾರೆ. ಮಗುವನ್ನು ಕಳೆದುಕೊಂಡ ಮನೆಯವರು ಬಾಗಿಲು ಮುಚ್ಚಿಕೊಂಡೇ ಇರಬಯಸಿದರೆ ಅದು ಅವರ ಹಕ್ಕು, ರಾಹೇಲಳಿಗೆ ಇದ್ದ ಹಕ್ಕೇ ಅದು. ಆದ್ದರಿಂದ ಈ ಡಿಸೆಂಬರಿನಲ್ಲಿ ಕ್ಯಾರಲ್ ಮನೆಗಳ ಪಟ್ಟಿ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಸಾವಾದ ಮನೆಗಳನ್ನು ನೀವಾಗಿಯೇ ಪಟ್ಟಿಯಿಂದ ಬಿಡಬೇಡಿ, ಮೊದಲೇ ಹೋಗಿ ಕೇಳಿ. ಬನ್ನಿ ಎಂದರೆ ನಾಲ್ಕಾರು ಜನ ಹೋಗಿ ಎರಡು ಹಾಡು ಹಾಡಿ. ಬೇಡವೆಂದರೆ ಬೇಸರಿಸದೆ ಮುಂದಿನ ವರ್ಷ ಮತ್ತೆ ಕೇಳಿ. ಸಾವಾದ ಮನೆಯವರನ್ನು ಸಂತೈಸುವ ಆದರಣೆಯ ಕೂಟ ನಡೆಸುವ ಸಭಾಪಾಲಕರಲ್ಲಿಯೂ ಒಂದು ಮನವಿ: ಬೈಬಲಿನ 23ನೆಯ ಕೀರ್ತನೆಯ ಜೊತೆಗೆ ಒಮ್ಮೊಮ್ಮೆ, ಕತ್ತಲೆಯ ಮಾತಿನಲ್ಲಿಯೇ ಮುಗಿಯುವ 88ನೆಯ ಕೀರ್ತನೆಯನ್ನೂ ಪೂರ್ತಿಯಾಗಿ ಓದಿಸಿ, ಮತ್ತು ಓದಿಯಾದ ಕೂಡಲೇ ಅದಕ್ಕೆ ವಿವರಣೆ ಕೊಡಲು ಆತುರಪಡಬೇಡಿ.