ಎರಡನೆಯ ಸಾಕ್ಷಿ

ಪೊಲೀಸರು ಸಾಕ್ಷ್ಯವಾಗಿ ವಶಪಡಿಸಿಕೊಂಡ ಮುದ್ದೆಮಾಲಿನ ಚೀಲದಲ್ಲಿದ್ದುದು ಎರಡು ಸ್ಟೀಲ್ ಲೋಟ, ನಾಲ್ಕು ಪ್ಲಾಸ್ಟಿಕ್ ಲೋಟ. ಆ ಊರಿನ ಹೋಟೆಲಿನಲ್ಲಿ ಸ್ಟೀಲ್ ಲೋಟ ಒಳಗೆ ಕೂತವರಿಗೆ, ಪ್ಲಾಸ್ಟಿಕ್ ಲೋಟ ಹೊರಗೆ ನಿಂತು ಕುಡಿಯಬೇಕಾದವರಿಗೆ. ಒಳಗೆ ಹೋಗಿ ಸ್ಟೀಲ್ ಲೋಟದಲ್ಲೇ ಚಹಾ ಕೇಳಿದ ಹುಡುಗನನ್ನು ಜಾತಿಯ ಹೆಸರು ಹಿಡಿದು ಬೈದು ಹೊರದಬ್ಬಿದ್ದರು. ಸರ್ಕಾರದ ಪರವಾಗಿ ಆ ಪ್ರಕರಣ ನಡೆಸುತ್ತಿದ್ದ ವಿಶೇಷ ಅಭಿಯೋಜಕಿ ನಾನು.

1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 12ನೆಯ ಕಲಮನ್ನು ನಾನು ಬಹಳ ನೆಚ್ಚಿದ್ದೆ. ಕೃತ್ಯ ಸಾಬೀತಾದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತೆಂದು ನ್ಯಾಯಾಲಯ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಎಷ್ಟು ಒಳ್ಳೆಯ ಕಲಮು! ಆದರೆ ಕೃತ್ಯವನ್ನು ಕಂಡವರು ಬಾಯಿ ಬಿಡಬೇಕಲ್ಲ.

ಹುಡುಗ ಪಾಟೀಸವಾಲಿಗೆ ಜಗ್ಗಲಿಲ್ಲ. ಎರಡನೆಯ ಸಾಕ್ಷಿ ಅದೇ ಕೇರಿಯ ಹಿರಿಯರು, ಕೂಲಿಯವರು. ಕಟಕಟೆ ಹತ್ತಿದವರೇ "ನಾನು ಅಂದು ಊರಿನಲ್ಲೇ ಇರಲಿಲ್ಲ" ಎಂದುಬಿಟ್ಟರು. ಅವರನ್ನು ಪ್ರತಿಕೂಲ ಸಾಕ್ಷಿಯೆಂದು, ಅಂದರೆ ಕರೆಸಿದವರಿಗೇ ತಿರುಗಿಬಿದ್ದ ಸಾಕ್ಷಿಯೆಂದು, ಪರಿಗಣಿಸಲು ಕೋರಿ, ಪೊಲೀಸರೆದುರಿನ ಹೇಳಿಕೆಯನ್ನು ಸಾಲುಸಾಲಾಗಿ ಓದಿ ಕೇಳಿದೆ. "ಹಾಗೆ ಹೇಳಿಲ್ಲ", "ಹಾಗೆ ಹೇಳಿಲ್ಲ." ನನಗೆ ಕಂಬಾಲಪಲ್ಲಿ ನೆನಪಾಗುತ್ತಿತ್ತು. 2000ದ ಮಾರ್ಚ್‌ನಲ್ಲಿ ಏಳು ದಲಿತರನ್ನು ಸುಟ್ಟ ಪ್ರಕರಣವದು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದರು. ನನ್ನ ದನಿ ಏರಿತು. ಅವರು ತಲೆ ತಗ್ಗಿಸಿದರು. ಆ ಏರುದನಿ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮಧ್ಯಾಹ್ನ ಮೆಟ್ಟಿಲ ಬಳಿ ಸಿಕ್ಕರು. "ಏಕೆ ಹೀಗೆ ಮಾಡಿದಿರಿ, ಯಜಮಾನರೇ?"

"ಕೋರ್ಟಿನ ನಾಲ್ಕನೆಯ ವಾಯಿದೆ ಇದು, ತಾಯಿ. ಮೂರು ಸಲ ಬಂದು ಸುಮ್ಮನೆ ಹಿಂದಿರುಗಿದೆ. ಕೂಲಿಯೂ ಹೋಯಿತು, ಬಸ್ಸಿನ ಹಣವೂ ಹೋಯಿತು. ಮನೆಯಲ್ಲಿ ಅಕ್ಕಿ ಮುಗಿದಾಗ ಕೈಗಡ ಕೊಟ್ಟವನು ಹೋಟೆಲಿನವನ ತಮ್ಮ."

ನನಗೆ ಮಾತು ಹೊರಡಲಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ನಿಯಮಗಳಲ್ಲಿ 11ನೆಯದು ನನಗೆ ಬಾಯಿಪಾಠ: ಸಾಕ್ಷಿಗೆ ಪ್ರಯಾಣದ ಖರ್ಚು, ಕನಿಷ್ಠ ಕೂಲಿಗೆ ಕಡಿಮೆಯಾಗದ ಭತ್ಯೆ, ತಕ್ಷಣವೇ, ತಪ್ಪಿದರೆ ಮೂರು ದಿನಗಳೊಳಗೆ. ಅದು ಇವರ ಕೈ ಸೇರಿತೇ ಎಂದು ಮೂರು ವಾಯಿದೆಗಳಲ್ಲಿ ಒಮ್ಮೆಯೂ ನಾನು ಕೇಳಿರಲಿಲ್ಲ. ಸಾಕ್ಷಿಯನ್ನು ಉಳಿಸಿಕೊಳ್ಳುವುದು ಪೊಲೀಸರ ಕೆಲಸ, ವಾದಿಸುವುದು ನನ್ನ ಕೆಲಸ ಎಂದುಕೊಂಡು ಅಷ್ಟು ವರ್ಷ ಕಳೆದಿದ್ದೆ.

ಆ ಸಂಜೆಯೇ ಜಿಲ್ಲಾಡಳಿತಕ್ಕೆ ಪತ್ರ ಬರೆದೆ. ನಾಲ್ಕು ವಾಯಿದೆಗಳ ಭತ್ಯೆ ಅವರಿಗೆ ಬಂದಿತು. ಅಷ್ಟರಲ್ಲಿ ಆರೋಪಿಯ ಖುಲಾಸೆಯಾಗಿತ್ತು. ಮೇಲ್ಮನವಿಗೆ ನಾನು ಬರೆದ ಶಿಫಾರಸು ಕಡತದಲ್ಲಿತ್ತು.