ಮನೆ ನಂ. 2: ಅಳುವ ಗೋಡೆ, ಕಪ್ಪು ಬೆರಳು

ಚೌತಿ ದಾಟಿತು, ಬಾಡಿಗೆಗೆ ಬಿಡಲು ಕೊಂಡ ನನ್ನ ಎರಡನೇ ಮನೆಯ ಒದ್ದೆಯಾಗಿ ಅಳುತ್ತಿದ್ದ ಗೋಡೆ ಇನ್ನೂ ಒಣಗಿಯೇ ಇದೆ. ಬರೆದಿಡದೆ ಇದ್ದರೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಮನೆ ಯಾವುದೆಂದರೆ, ಕಾರವಾರದ ನಂದನಗದ್ದಾದಲ್ಲಿ 2024ರ ಫೆಬ್ರವರಿಯಲ್ಲಿ ಕೊಂಡದ್ದು. ಚಿರೆಕಲ್ಲು, ಎರಡು ಕೋಣೆ, ಪಡುಗೋಡೆಗೆ ಅಡ್ಡ ಒಂದು ತೆಂಗಿನ ಮರವೂ ಇಲ್ಲ. ಇಸಿ (ಋಣಭಾರ ಪತ್ರ), ಫಾರ್ಮ್ 3 (ನಗರಸಭೆಯ ಆಸ್ತಿ ದಾಖಲೆ), ಸಿಆರ್‌ಝಡ್ ಗೆರೆ (ಕಡಲತಡಿಯಲ್ಲಿ ಕಟ್ಟಡಕ್ಕಿರುವ ಮಿತಿ), 11 ತಿಂಗಳ ಬಾಡಿಗೆ ಕರಾರು ಇವೆಲ್ಲ ಮನೆ ಕೊಳ್ಳುವವರಿಗೆ ಬಾಯಿಪಾಠ ಇರುವಂಥವು, ಬಿಟ್ಟೆ. ಲೆಕ್ಕ ಮಾತ್ರ ಬಿಡುವುದಿಲ್ಲ, ಗಣಿತದ ಮಾಸ್ತರ ನಾನು.

ಮನೆಗೆ 30 ಲಕ್ಷ. ಮುದ್ರಾಂಕ ಶುಲ್ಕ 5 ಪ್ರತಿಶತ, ಅದರ ಬೆನ್ನಿಗೆ ಸೆಸ್, ಸರ್ಚಾರ್ಜ್, ಆಗಿನ ನೋಂದಣಿ ಶುಲ್ಕ 1, ಒಟ್ಟು 6.6. (ಈಗ ಕೊಳ್ಳುವವರ ಗಮನಕ್ಕೆ: 2025ರ ಆಗಸ್ಟ್ ಕೊನೆಯಿಂದ ಆ 1 ಹೋಗಿ 2 ಆಗಿದೆ.) ಹತ್ತಿರ ಹತ್ತಿರ 32 ಲಕ್ಷ ಬಿತ್ತು. ಬಾಡಿಗೆ 11,000, ಅಂದರೆ ವರ್ಷಕ್ಕೆ 1,32,000, ಪ್ರತಿಶತ 4ರ ಮೇಲೆ. ನೋಟ್‌ಬುಕ್ಕಿನಲ್ಲಿ ಇದರ ಕೆಳಗೆ ಎರಡು ಗೆರೆ ಎಳೆದಿದ್ದೆ, ಉತ್ತರ ಬಂತು ಅಂತ. ಮೊದಲ ವರ್ಷ ಎರಡು ತಿಂಗಳು ಖಾಲಿ ಬಿದ್ದಿತು, 22,000 ಹೋಯಿತು. ಗೋಡೆಗೆ 38,000. ಮನೆಪಟ್ಟಿ, ಪಂಪು ಸೇರಿ 8,000. ಉಳಿದದ್ದು 64,000, ಸರಿಯಾಗಿ 2 ಪ್ರತಿಶತ. ದುಡ್ಡು ಉಳಿತಾಯ ಖಾತೆಯಲ್ಲೇ ಮಲಗಿದ್ದರೆ ನನಗೂ ನಿದ್ದೆ ಬರುತ್ತಿತ್ತು. ಆದಾಯ ತೆರಿಗೆಯಲ್ಲಿ ರಿಪೇರಿ ತೋರಿಸಬಹುದು ಎಂದುಕೊಂಡವರು ಅದನ್ನೂ ಮರೆಯಿರಿ. ಬಾಡಿಗೆಯಿಂದ ಮನೆಪಟ್ಟಿ ಕಳೆದು ಉಳಿದದ್ದಕ್ಕೆ 30 ಪ್ರತಿಶತ ಕಡಿತ ಕೊಡುತ್ತಾರೆ, ನೀವು ಗೋಡೆಗೆ ಸಾವಿರ ಸುರಿದರೂ ಲಕ್ಷ ಸುರಿದರೂ ಅಷ್ಟೇ.

ಈ 38,000ದ ಕಥೆ ಮೊದಲ ಮಳೆಗಾಲದಲ್ಲಿ ಶುರುವಾದದ್ದು. ಬಾಡಿಗೆಗೆ ಬಂದವರು ನೌಕಾನೆಲೆಯವರು, ಉತ್ತರದ ಕಡೆಯವರು. ಜುಲೈಯಲ್ಲಿ ಆ ಹೆಣ್ಣುಮಗಳು ಫೋನ್ ಮಾಡಿದರು: "ಅಂಕಲ್, ದೀವಾರ್ ರೋ ರಹೀ ಹೈ." ಹೋಗಿ ನೋಡಿದರೆ ಹೌದು, ಅಳುತ್ತಿದೆ. ನೆಲದಿಂದ ಸೊಂಟದವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದಿದೆ, ಒತ್ತಿದರೆ ಟಪ್ ಅಂತ ಒಡೆದು ಒಳಗಿನಿಂದ ಬಿಳಿ ಹಿಟ್ಟು ಸುರಿಯುತ್ತದೆ.

ಗೋವಾದಿಂದ ಬರಬೇಕಿದ್ದ ವಾಟರ್‌ಪ್ರೂಫಿಂಗ್ ಮಹಾಶಯ ಬರಲೇ ಇಲ್ಲ. ಗೋವಾ ದಾರಿಯಲ್ಲಿರುವ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದು 2024ರ ಆಗಸ್ಟ್ 7ಕ್ಕೆ. ಪಕ್ಕದ ಹೊಸ ಸೇತುವೆ ಮೇಲೆ ಬಸ್ಸು, ಲಾರಿ ಓಡಾಡತೊಡಗಿದ ಮೇಲೂ ಇವನ ನೆಪ ಮಾತ್ರ ನವೆಂಬರ್‌ವರೆಗೆ ಕುಸಿಯದೆ ನಿಂತಿತ್ತು. ಕೊನೆಗೆ ಬಂದ, ಹೊರಗಿನಿಂದ ರಬ್ಬರಿನಂಥ ಬಣ್ಣ ಬಳಿದ, ಹತ್ತು ವರ್ಷ ಗ್ಯಾರಂಟಿ ಅಂತ ಚೀಟಿ ಕೊಟ್ಟ. ಚೀಟಿಯ ಹಿಂದೆ ಇರುವೆ ಅಕ್ಷರದಲ್ಲಿ ಬರೆದಿತ್ತು: ನೆಲದ ತೇವ, ಉಪ್ಪು, ಬಿರುಕು ಇವಕ್ಕೆ ಅನ್ವಯಿಸುವುದಿಲ್ಲ. ಮತ್ತೆ ಯಾವುದಕ್ಕೆ ಅನ್ವಯಿಸುತ್ತದೆ ಮಾರಾಯ, ಬೆಂಕಿಗೋ?

ಮಾರ್ಚ್ ಬಂತು. ಒಂದು ಹನಿ ಮಳೆಯಿಲ್ಲ, ಬರೀ ಸೆಖೆ. ಮತ್ತೆ ಫೋನು. ಬೆಳಿಗ್ಗೆ ಗೋಡೆ ಒದ್ದೆ, ಮಧ್ಯಾಹ್ನ ಒಣಗಿರುತ್ತದೆ, ರಾತ್ರಿ ಮತ್ತೆ ಒದ್ದೆ. ಮಳೆ ನೀರಲ್ಲ, ಪೈಪಲ್ಲ (ಮೀಟರ್ ನಿಲ್ಲಿಸಿ ನೋಡಿದ್ದೆ), ಸೂರಂತೂ ಅಲ್ಲವೇ ಅಲ್ಲ. ನೆಲದಿಂದ ಏರಿದ ತೇವ ಎಂದರೆ ಅದರ ಅಂಚು ಅಲೆ ಅಲೆಯಾಗಿ ಇರಬೇಕು. ಇಲ್ಲಿ ಒದ್ದೆಯ ಅಂಚು ಸ್ಕೇಲು ಇಟ್ಟು ಎಳೆದ ಹಾಗೆ ನೇರ. ಎಂಟು ತಿಂಗಳು ಅದನ್ನು ನೋಡಿಯೂ ನೋಡಿರಲಿಲ್ಲ. ರೇಖಾಗಣಿತ ಕಲಿಸುವವನಂತೆ!

ಮನೆಗೆ ಬಂದು ಹೇಳಿಕೊಂಡೆ. ಹೆಂಡತಿ ಗಂಜಿಗೆ ಉಪ್ಪು ಹಾಕುತ್ತಿದ್ದಳು. ಭರಣಿ ನನ್ನ ಮುಂದೆ ಹಿಡಿದು, "ಇದೂ ಸೆಖೆಗೆ ನೀರು ಬಿಡ್ತದೆ, ಇದಕ್ಕೂ ಗ್ಯಾರಂಟಿ ತಂದು ಬಳೀತ್ರಾ?" ಅಂದಳು.

ಊಟ ಅರ್ಧಕ್ಕೇ ನಿಂತಿತು. ಗಾಳಿಯ ತೇವ 75 ಪ್ರತಿಶತ ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ, ಗಾಳಿ ಒಣಗಿದರೆ ಮತ್ತೆ ಹರಳಾಗುತ್ತದೆ. ಪ್ರತಿ ಸಲ ಹರಳು ಕಟ್ಟುವಾಗಲೂ ಬಣ್ಣವನ್ನು ಹಿಂದಿನಿಂದ ದೂಡುತ್ತದೆ. ನನ್ನ ಗೋಡೆಯೇ ಒಂದು ಭರಣಿ.

ಪಿಯು ಕಾಲೇಜಿನ ಕೆಮಿಸ್ಟ್ರಿ ಗೆಳೆಯ ಒಂದು ಸಣ್ಣ ಶೀಸೆ ಸಿಲ್ವರ್ ನೈಟ್ರೇಟ್ ಕೊಟ್ಟ, ಉಪ್ಪಿನ ಕ್ಲೋರೈಡ್ ಇದ್ದರೆ ನೀರನ್ನು ಹಾಲಿನ ಹಾಗೆ ಬೆಳ್ಳಗೆ ಮಾಡುವಂಥದ್ದು. ಗೋಡೆ ಕೆರೆದ ಪುಡಿ ಒಂದು ಚಮಚ, ಅದಕ್ಕೆ ಬ್ಯಾಟರಿಗೆ ಹಾಕುವ ಶುದ್ಧ ನೀರು (ನಲ್ಲಿ ನೀರಿನಲ್ಲೇ ಕ್ಲೋರೈಡ್ ಇರುತ್ತದೆ), ಸೋಸಿ, ಮೊದಲು ಒಂದು ಹನಿ ನೈಟ್ರಿಕ್ ಆಸಿಡ್. ಅದಿಲ್ಲದಿದ್ದರೆ ಸಿಮೆಂಟಿನ ಕ್ಷಾರಕ್ಕೇ ಕಂದು ಬಣ್ಣ ಬಂದು ಮೋಸ ಹೋಗುತ್ತೀರಿ. ಆಮೇಲೆ ಸಿಲ್ವರ್ ನೈಟ್ರೇಟ್. ಗೆರೆಯ ಮೇಲಿನ ಪುಡಿಗೆ ನೀರು ಸ್ವಲ್ಪ ಮಬ್ಬಾಯಿತು, ಅಷ್ಟೇ. ಗೆರೆಯ ಕೆಳಗಿನದಕ್ಕೆ ಹನಿ ಬಿದ್ದದ್ದೇ ಹಾಲು ಒಡೆದ ಹಾಗೆ ಗರಣೆ ಗರಣೆ.

ಹಿಂದಿನ ಯಜಮಾನರು ಮಾರುವ ಮುಂಚೆ ಸೊಂಟದವರೆಗೆ ಹೊಸ ಪ್ಲಾಸ್ಟರ್ ಮಾಡಿಸಿದ್ದರು, ಅಳಿವೆಯ ಉಪ್ಪು ಮರಳಿನಲ್ಲಿ. ಮೇಲೆ ಹೊಳೆಯುವ ಬಣ್ಣ. ನಾನು ನೋಡಿದ್ದು ಫೆಬ್ರವರಿಯ ಬಿಸಿಲಿನಲ್ಲಿ. ಈ ಕರಾವಳಿಯಲ್ಲಿ ಬಾಡಿಗೆಗೆ ಬಿಡಲು ಮೊದಲ ಮನೆ ಕೊಳ್ಳುವವರು ಆರಿದ್ರಾ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಹೋಗಿ ನೋಡಿ. ದಲಾಲಿ "ಮಳೆ ಕಳೀಲಿ ಮಾಸ್ತರೇ" ಅಂದರೆ ಅದೇ ದಿನ ಹೊರಡಿ.

ಏಪ್ರಿಲ್‌ನಲ್ಲಿ ಬಾಡಿಗೆಯವರಿಗೆ ವರ್ಗವಾಯಿತು, ಕೆಲಸ ಶುರು. ಗೆರೆಯಿಂದ ಒಂದಡಿ ಮೇಲಿನವರೆಗೆ ಪ್ಲಾಸ್ಟರ್ ಕಿತ್ತು ಒಣ ಬ್ರಷ್‌ನಲ್ಲಿ ಉಜ್ಜಿದೆವು. ತೊಳೆಯಬೇಡಿ, ಉಪ್ಪು ಕರಗಿ ಕಲ್ಲಿನೊಳಗೇ ಇಳಿಯುತ್ತದೆ. ಗೌಂಡಿ ಮಾತ್ರ ಪೈಪು ಹಿಡಿದೇ ನಿಂತಿದ್ದ, ನಾನು ನಲ್ಲಿಯ ಮುಂದೆ ಕಾವಲು. ಐದು ವಾರ ಬೋಳು ಗೋಡೆಗೆ ಗಾಳಿ. ಮೇಲೆ ಸುಣ್ಣದ ಗಾರೆ, ಸುಣ್ಣದ್ದೇ ಬಣ್ಣ, ತೇವ ಉಸಿರಾಡಿ ಹೊರಹೋಗಲಿ ಅಂತ.

ಸುಣ್ಣ ಕೇಳಿದರೆ ಅಂಗಡಿಯವ ಪುಟ್ಟಿ ಚೀಲ ಕೊಟ್ಟು "ಎಲ್ಲ ಒಂದೇ" ಅಂದ. ಮರಳಿನವ "ಸಿಹಿನೀರಿನದು, ದೇವರಾಣೆ" ಎಂದು ಲಾರಿ ತಂದು ನಿಲ್ಲಿಸಿದ. ಒಂದು ಮುಷ್ಟಿ ತೆಗೆದು ಹನಿ ಬಿಟ್ಟೆ. ಹಾಲು. ಲಾರಿ ಹಿಂದೆ ಹೋಯಿತು, ದೇವರ ಪಾಡು ಗೊತ್ತಿಲ್ಲ. ಕೊನೆಗೆ ಎಂ-ಸ್ಯಾಂಡ್, ಕಲ್ಲು ಪುಡಿಮಾಡಿದ ಮರಳು.

ಈ ಮಧ್ಯೆ ಶಿರಸಿಯಲ್ಲಿ ಒಂದು ಹಂಚಿನ ಮನೆ ನೋಡಿ ಬಂದೆ. ಅರಣ್ಯ ಕಾಲೇಜಿನ ಹುಡುಗರಿಗೆ ನಾಲ್ಕು ರೂಮು ಮಾಡಬಹುದು, ಮಳೆ ಅಲ್ಲೂ ಹೊಡೆಯುತ್ತದೆ ಆದರೆ ಉಪ್ಪಿಲ್ಲ! ಮಾರುವವರು "ಹಿಂದಿನ ಬೆಟ್ಟವೂ ಸೇರಿ" ಅಂದದ್ದೇ ಕಿವಿ ನೆಟ್ಟಗಾಯಿತು. ಸೊಪ್ಪಿನ ಬೆಟ್ಟದಲ್ಲಿ (ಅಡಿಕೆ ತೋಟಗಳಿಗೆಂದು ಬಿಟ್ಟ ಸರ್ಕಾರಿ ಕಾಡು) ತೋಟದವರಿಗೆ ಇರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಮಾತ್ರ, ನೆಲದ ಒಡೆತನವಲ್ಲ. ಬೆಟ್ಟ ಬಿಟ್ಟು ಬೆಲೆ ಹೇಳಿ ಅಂದಿದ್ದೇನೆ. ಮನೆ ನಂ. 3ರ ಕಡತ ತೆರೆದದ್ದು ಮನೆಯಲ್ಲಿ ಇನ್ನೂ ಹೇಳಿಲ್ಲ.

ಇಡೀ ಮಳೆಗಾಲ ವಾರಕ್ಕೊಮ್ಮೆ ಹೋಗಿ ಗೋಡೆಗೆ ಅಂಗೈ ಒತ್ತಿ ಬಂದೆ. ಒಣ. ಕಿಟಕಿಯ ಎಡಮೂಲೆಯಲ್ಲಿ ಅಂಗೈ ಅಗಲ ಇನ್ನೂ ತಂಪು, ಅದು ಚೌಕಟ್ಟಿನ ಬಿರುಕು, ಬೇರೆ ರೋಗ. ಮೆಡಿಕಲ್ ಕಾಲೇಜಿನ ನರ್ಸ್ ಒಬ್ಬರು ಭಾನುವಾರ ಮನೆ ನೋಡಲಿಕ್ಕೆ ಬರುತ್ತಾರೆ. ಕೈಗವಸು ಹಾಕದೆ ಹನಿ ಬಿಟ್ಟು ಬಿಟ್ಟು ಬೆರಳು ಕಪ್ಪಾಗಿದೆ; ಮೈಸೂರಿನಲ್ಲಿ ಮಾಡುವ ಮತದಾನದ ಶಾಯಿಯಲ್ಲಿ ಇರುವುದೂ ಇದೇ ಸಿಲ್ವರ್ ನೈಟ್ರೇಟ್. ಪೇಟೆಯಲ್ಲಿ ಸಿಕ್ಕ ದಲಾಲಿ ನೋಡಿ ಕೇಳಿದ:

"ಯಾವ ಇಲೆಕ್ಷನ್ ಮಾಸ್ತರೇ? ಹತ್ತೂ ಬೆರಳಿಗೆ ಹಾಕ್ಯಾರಲ್ಲ!"